ಶಿರಾದ ಹಳೇ ಪೇಟೆಯೂ ದುರ್ಗದ ಕೋಟೆಯೂ

ಚಿತ್ರದುರ್ಗ, ಹಿರಿಯೂರು ದಾಟಿ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಶಿರಾ ಈಗ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಊರೊಳಗೆ ಹೋದವರಿಗೆ ಮಾತ್ರ ಅದರ ಹಳೆಯ ಅಂತಸ್ತು ತಿಳಿಯುತ್ತದೆ: 1651ರಲ್ಲಿ ತೀರಿಕೊಂಡ ವಿಜಾಪುರದ ಸುಬೇದಾರ ಮಲಿಕ್ ರೆಹಾನನ ಗುಮ್ಮಟ, 1696ರ ಜುಮ್ಮಾ ಮಸೀದಿ, ಹಾಳುಬಿದ್ದ ಕೋಟೆ. ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗದ ಕಡೆಯವರು ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ‘ನಮ್ಮದು’ ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಶಿರಾದ ಈ ಪೇಟೆಯನ್ನು ಹಾಗೆ ಹೇಳಿಕೊಂಡವರು ಕಡಿಮೆ. ಅದು ದಂಡೆತ್ತಿ ಬಂದವರ ಊರು, ದುರ್ಗಕ್ಕೆ ಎದುರಾಳಿಯಾದ ಊರು ಎಂಬ ಭಾವನೆ ಬಲವಾಗಿದೆ. ಈ ಭಾವನೆಗೆ ಇತಿಹಾಸದ ಆಧಾರ ಸಾಲದು ಎಂಬುದು ನನ್ನ ವಾದ. ಶಿರಾ ಬೆಳೆದದ್ದು ಈ ಸೀಮೆಯ ದುಡಿಮೆ ಮತ್ತು ಕಪ್ಪಕಾಣಿಕೆಯಿಂದ. ಅದು ಬರಿದಾದದ್ದೂ ದುರ್ಗ ಬರಿದಾದ ರೀತಿಯಲ್ಲೇ.

ಮೊದಲು ಊರಿನ ಹುಟ್ಟನ್ನು ನೋಡೋಣ. ಶಿರಾದ ಕೋಟೆಗೆ ಅಡಿಗಲ್ಲು ಹಾಕಿದವನು ರತ್ನಗಿರಿಯ ಪಾಳೆಯಗಾರ ಕಸ್ತೂರಿ ರಂಗಪ್ಪ ನಾಯಕ. ಕೋಟೆ ಮುಗಿಯುವ ಮೊದಲೇ, 1638ರ ಸುಮಾರಿಗೆ, ವಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಊರನ್ನು ಗೆದ್ದ. ಅಲ್ಲಿಗೆ ಆಡಳಿತಗಾರನಾಗಿ ಬಂದ ಮಲಿಕ್ ಹುಸೇನ್ ಕೋಟೆಯ ಕೆಲಸ ಮುಗಿಸಿ, ಪೇಟೆಯ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದ. ನಾಯಕ ಆರಂಭಿಸಿದ್ದನ್ನು ಸುಬೇದಾರ ಪೂರೈಸಿದ. ಮಲಿಕ್ ರೆಹಾನನ ಗುಮ್ಮಟವನ್ನು ದಿಟ್ಟಿಸಿ ನೋಡಿದರೆ ಅದರ ನಕ್ಷೆ ಆದಿಲ್‌ಶಾಹಿ ಪರಂಪರೆಯದು, ವಿಜಾಪುರದಲ್ಲಿ ಗೋಲಗುಮ್ಮಟ ಏಳುತ್ತಿದ್ದ ದಶಕಗಳದೇ ಎಂಬುದು ಗೊತ್ತಾಗುತ್ತದೆ. ಆದರೆ ವಿಜಾಪುರದ ಕರಿಕಲ್ಲು ಈ ನೆಲದಲ್ಲಿಲ್ಲ. ಇಲ್ಲಿ ಸಿಗುವುದು ಬಯಲುಸೀಮೆಯ ಕಣಶಿಲೆ. ಆ ಕಲ್ಲಿನ ಪದರ ಯಾವುದು, ಉಳಿ ಎಲ್ಲಿ ಇಳಿಯುತ್ತದೆ ಎಂಬುದನ್ನು ಬಲ್ಲವರು ಇಲ್ಲಿನ ಕಲ್ಲುಕುಟಿಗರು. ಕೆತ್ತಿದ ಕಲ್ಲಿನಲ್ಲಿ ಕಟ್ಟಿದ ಜುಮ್ಮಾ ಮಸೀದಿಗೆ ಅವರ ಕೈ ಬೇಕೇ ಬೇಕಿತ್ತು ಎಂದು ಊಹಿಸುವುದು ಅತಿಯಾಗಲಾರದು.

1687ರಲ್ಲಿ ಮೊಗಲ್ ಸೇನಾಪತಿ ಖಾಸಿಂ ಖಾನ್ ಬಂದ ಮೇಲೆ ಶಿರಾ ಒಂದು ಇಡೀ ಸುಭೆಯ, ಅಂದರೆ ಪ್ರಾಂತ್ಯದ, ರಾಜಧಾನಿಯಾಯಿತು. ಅದರ ನೇರ ಆಡಳಿತಕ್ಕೆ ಏಳು ಪರಗಣಗಳು ಸೇರಿದ್ದವು: ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ. ಬೂದಿಹಾಳು ಇಂದಿನ ಹೊಸದುರ್ಗ ತಾಲ್ಲೂಕಿನದು. ಅಂದರೆ ಚಿತ್ರದುರ್ಗ ಜಿಲ್ಲೆಯ ಒಂದು ಭಾಗ ಶಿರಾದ ನೆರೆಹೊರೆ ಮಾತ್ರವಲ್ಲ, ಶಿರಾದ ಒಡಲೇ ಆಗಿತ್ತು. ಚಿತ್ರದುರ್ಗ, ಹರಪನಹಳ್ಳಿ, ಬಿದನೂರು, ಮೈಸೂರುಗಳು ಕಪ್ಪ ಕೊಡುವ ಸಂಸ್ಥಾನಗಳ ಪಟ್ಟಿಯಲ್ಲಿದ್ದವು. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ದಿಲಾವರ್ ಖಾನನ ಆಳ್ವಿಕೆಯಲ್ಲಿ ಊರು ಉತ್ತುಂಗಕ್ಕೇರಿ ಐವತ್ತು ಸಾವಿರ ಮನೆಗಳಿದ್ದವೆಂದು ಮೈಸೂರು ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ಬರೆಯುತ್ತಾರೆ. ಆ ಸಂಖ್ಯೆಯನ್ನು ಅಕ್ಷರಶಃ ಒಪ್ಪಬೇಕಾಗಿಲ್ಲ. ಕೇಳಿದವರು ಉತ್ಪ್ರೇಕ್ಷಿಸಿ ಹೇಳಿರಬಹುದು. ಆದರೂ ದಿಲಾವರ್ ಖಾನನ ಅರಮನೆಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತು, ಇಲ್ಲಿನ ಖಾನ್ ಬಾಗ್ ಲಾಲ್‌ಬಾಗಿಗೆ ಪ್ರೇರಣೆಯಾಯಿತು ಎಂಬ ಮಾತು ಅದೇ ಬರಹದಲ್ಲಿದೆ. ಇದು ನಂಬಲರ್ಹ. ಏಕೆಂದರೆ ಅವನ್ನು ಕಟ್ಟಿಸಿದ ಹೈದರ್ ಅಲಿಯ ಮನೆತನ ಮೇಲೆ ಬಂದದ್ದೇ ಈ ಸುಭೆಯ ನೆರಳಿನಲ್ಲಿ. ಅವನ ತಂದೆ ಫತೇ ಮಹಮ್ಮದ್ ಶಿರಾದ ಸುಬೇದಾರನ ಸೇವೆಯಲ್ಲಿದ್ದ. ಹೈದರ್ ಹುಟ್ಟಿದ ಬೂದಿಕೋಟೆ ತಂದೆಗೆ ಆ ಸೇವೆಗಾಗಿ ಸಿಕ್ಕ ಜಹಗೀರು. 1761ರಲ್ಲಿ ನಿಜಾಮನ ಸಹೋದರ ಬಸಾಲತ್ ಜಂಗನಿಗೆ ಮೂರು ಲಕ್ಷ ರೂಪಾಯಿ ನಜರು ಕೊಟ್ಟು ಹೈದರ್ ಪಡೆದ ಬಿರುದು ಶಿರಾದ ನವಾಬಗಿರಿ. ಆಗ ಶಿರಾ ಮರಾಠರ ವಶದಲ್ಲಿತ್ತು. ಕೊಟ್ಟವನಿಗೂ ಅದು ಸೇರಿದ್ದಲ್ಲ. ಆದರೂ ಆ ಹೆಸರಿಗೆ ಅಷ್ಟು ಬೆಲೆಯಿತ್ತು.

ಇಲ್ಲಿ ದುರ್ಗದ ಕಡೆಯಿಂದ ಏಳುವ ಆಕ್ಷೇಪ ನಿಜವಾಗಿಯೂ ತೂಕದ್ದು. 1779ರಲ್ಲಿ ದುರ್ಗದ ಪಾಳೆಯಗಾರ ಮದಕರಿ ನಾಯಕ ಹೈದರನಿಗೆ ಸೋತದ್ದು ಹೇಗೆ? ಅವನ ಸೇವೆಯಲ್ಲಿದ್ದ ಮೂರು ಸಾವಿರ ಮುಸಲ್ಮಾನ ಸೈನಿಕರನ್ನು ಅವರ ಗುರುವಿನ ಮೂಲಕ ಹೈದರ್ ಒಳಗೆ ಹಾಕಿಕೊಂಡ ಎಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ದ್ರೋಹ ಮಾಡಿದವರ ಜೊತೆ ಯಾವ ಬಾಂಧವ್ಯ ಎಂದು ಕೇಳುವವರಿದ್ದಾರೆ. ಆ ವಿವರವನ್ನು ಅಲ್ಲಗಳೆಯುವ ಅಗತ್ಯ ನನಗಿಲ್ಲ. ಆದರೆ ಅದನ್ನು ಪೂರ್ತಿಯಾಗಿ ಓದಬೇಕು. ಮೂರು ಸಾವಿರ ಮುಸಲ್ಮಾನರು ಬೇಡ ನಾಯಕನ ಉಪ್ಪು ತಿಂದು ಅವನ ಕೋಟೆಯನ್ನು ಕಾಯುತ್ತಿದ್ದರು ಎಂಬುದೂ ಅದೇ ವಾಕ್ಯದಲ್ಲಿದೆ. ಮೇಲಾಗಿ, ಮತಕ್ಕೂ ದ್ರೋಹಕ್ಕೂ ನೇರ ನಂಟಿದ್ದಿದ್ದರೆ ಶಿರಾದಲ್ಲಿ ನಡೆದದ್ದನ್ನು ವಿವರಿಸಲಾಗದು. ಅಷ್ಟರಲ್ಲಿ ಹೈದರನ ಕೈಸೇರಿದ್ದ ಶಿರಾವನ್ನು 1766ರಲ್ಲಿ ಮತ್ತೆ ಮರಾಠರ ಕೈಗೆ ಒಪ್ಪಿಸಿದವನು ಹೈದರನ ಸ್ವಂತ ಭಾವಮೈದುನ ಮೀರ್ ಸಾಹೇಬ್. ಕೋಟೆಗಳು ಆ ಕಾಲದಲ್ಲಿ ಒಳಗಿನಿಂದಲೇ ಹೆಚ್ಚು ಬಿದ್ದವು. ಹಣ, ಜಹಗೀರು, ಭಯ, ಗುರುವಿನ ಮಾತು ಇವೆಲ್ಲ ಅದಕ್ಕೆ ಕಾರಣವಾದವು. ಮಸೀದಿಯ ಪೇಟೆ ಎಂಬುದು ಕಾರಣವಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ನೋವಿನದು. ದುರ್ಗ ಗೆದ್ದ ಮೇಲೆ ಹೈದರ್ ನಾಯಕನನ್ನೂ ಅವನ ಕುಟುಂಬವನ್ನೂ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ. ಬೇಡರ ಒಗ್ಗಟ್ಟು ಮುರಿಯಲೆಂದು ಅವರಲ್ಲಿ ಇಪ್ಪತ್ತು ಸಾವಿರ ಮಂದಿಯನ್ನು ಅದೇ ದ್ವೀಪಕ್ಕೆ ಸಾಗಿಸಿದ. ತಕ್ಕ ವಯಸ್ಸಿನ ಹುಡುಗರನ್ನು ಇಸ್ಲಾಮಿಗೆ ಸೇರಿಸಿ ಚೇಲಾ ಪಡೆ ಕಟ್ಟಿದ. ಇದು ಬಲವಂತ, ಇದರಲ್ಲಿ ಮತದ ಬಲವಂತವೂ ಇತ್ತು. ಇದನ್ನು ಸವರಿ ಬರೆಯುವುದು ಆ ಮನೆಗಳಿಗೆ ಮಾಡುವ ಅನ್ಯಾಯ. ಆದರೆ ಈ ಸಾಲಿನ ಪಕ್ಕದಲ್ಲೇ ಶಿರಾದ ಸಾಲನ್ನು ಇಡಬೇಕು. 1774ರಲ್ಲಿ ಶಿರಾವನ್ನು ಮರಾಠರಿಂದ ಮರಳಿ ಗೆದ್ದ ಹೈದರನ ಮಗ ಟಿಪ್ಪು, ಮುಂದೆ ಅಲ್ಲಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ಶ್ರೀರಂಗಪಟ್ಟಣದ ದ್ವೀಪದಲ್ಲಿ ಗಂಜಾಂ ಪೇಟೆಗೆ ಜನ ತುಂಬಿಸಿದ. ಸುಬೇದಾರರ ರಾಜಧಾನಿ, ಜುಮ್ಮಾ ಮಸೀದಿಯ ಊರು, ಸುಲ್ತಾನನ ತಾತ ಅನ್ನ ಕಂಡ ಸಂಸ್ಥಾನ, ಯಾವುದೂ ಅದನ್ನು ಕಾಯಲಿಲ್ಲ. ಶಿರಾದವರ ಮತ ಬದಲಾಯಿಸುವ ಉದ್ದೇಶ ಆ ಸ್ಥಳಾಂತರಕ್ಕೆ ಇರಲಿಲ್ಲ, ದುರ್ಗದಲ್ಲಿ ಇತ್ತು. ಆ ವ್ಯತ್ಯಾಸ ದೊಡ್ಡದು. ಆದರೆ ಎರಡೂ ಕಡೆ ಮೂಲ ಲೆಕ್ಕಾಚಾರ ಒಂದೇ. ಹೊಸ ರಾಜಧಾನಿಗೆ ಕೈಗಳು ಬೇಕು, ಹಳೆಯ ಬಲದ ಕೇಂದ್ರಗಳಲ್ಲಿ ಜನ ಇರಬಾರದು.

ಹಾಗಾದರೆ ಶಿರಾ ಹಾಳಾದದ್ದು ಯುದ್ಧದಿಂದಲ್ಲವೇ ಎಂದರೆ, ಯುದ್ಧಗಳೂ ಕಾರಣವೇ. 1757ರಿಂದ 1774ರವರೆಗೆ ಊರು ಮರಾಠರು, ಹೈದರ್, ಮತ್ತೆ ಮರಾಠರು, ಮತ್ತೆ ಮೈಸೂರು ಎಂದು ಕೈಯಿಂದ ಕೈಗೆ ಹೋಯಿತು. ಆದರೆ ಲೂಟಿಯಾದ ಪೇಟೆ ಮತ್ತೆ ಏಳುತ್ತದೆ: ವರ್ತಕ ಮರಳುತ್ತಾನೆ, ಮಗ್ಗ ಮತ್ತೆ ಸದ್ದು ಮಾಡುತ್ತದೆ. ವರ್ತಕನನ್ನೂ ನೇಕಾರನನ್ನೂ ಮನೆಮಠ ಸಮೇತ ಬೇರೆ ಊರಿಗೆ ಒಯ್ದರೆ ಏಳುವವರು ಯಾರು? ಗುಮ್ಮಟ ಮತ್ತು ಮಸೀದಿ ಇಂದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅವುಗಳ ಸುತ್ತ ಇದ್ದ ನಗರವನ್ನು ಹುಡುಕಬೇಕಾದದ್ದು ಕಾವೇರಿಯ ದ್ವೀಪದಲ್ಲಿ.

ಅಲ್ಲಿಯೂ ಅದು ಬಹಳ ಕಾಲ ಉಳಿಯಲಿಲ್ಲ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜಿಸಿದ ಫ್ರಾನ್ಸಿಸ್ ಬುಕಾನನ್, ತಾನು ಬಂದ 1800ರಲ್ಲಿ ಅಲ್ಲಿ ಕಂಡದ್ದು ಸುಮಾರು 32,000 ಜನರನ್ನು. 1799ರಲ್ಲಿ ಆ ಕೋಟೆಯೂ ಬಿದ್ದಿತ್ತು. ದುರ್ಗದ ಬೇಡರನ್ನೂ ಶಿರಾದ ಪೇಟೆಯವರನ್ನೂ ತಂದು ನೆಲೆಗೊಳಿಸಿದ್ದು ಆ ಒಂದೇ ದ್ವೀಪದಲ್ಲಿ. ಅಲ್ಲಿಂದ ಚದುರಿದವರಲ್ಲಿ ಎರಡೂ ಊರಿನವರು ಸೇರಿರಲೇಬೇಕು. ದುರ್ಗದ ಕತೆಯನ್ನು 1779ಕ್ಕೆ, ಶಿರಾದ ಕತೆಯನ್ನು ಗುಮ್ಮಟದ ಬಾಗಿಲಿಗೆ ನಿಲ್ಲಿಸುವವರು ಗಂಜಾಮಿನವರೆಗೂ ಹೋಗಿ ಓದಬೇಕು.