ಸಂಶೋಧನೆಯ ಹಣವೂ ಲೆಕ್ಕದ ಶುದ್ಧಿಯೂ

ಕುಪ್ಪಗಡ್ಡೆಯನ್ನೊಳಗೊಂಡ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿದ್ದು ದುಃಖದ ಕಾರಣದಿಂದ. 1957ರಲ್ಲಿ ಅಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು. ಉಣ್ಣೆಯಿಂದ ಹರಡುವ ಹೊಸ ವೈರಾಣುವೇ ಇದಕ್ಕೆ ಕಾರಣವೆಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರವು ಕಂಡುಹಿಡಿಯಿತು. 1952ರಲ್ಲಿ ಸ್ಥಾಪಿತವಾದ ಆ ಕೇಂದ್ರಕ್ಕೆ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿದ್ದುದು ಎಲ್ಲರೂ ಬಲ್ಲ ಸಂಗತಿ.

ಈ ವೈರಾಣು ರಷ್ಯಾದ ಒಂದು ಮಿದುಳು ಜ್ವರದ ವೈರಾಣುವನ್ನು ಹೋಲುತ್ತಿತ್ತು. ಸೈಬೀರಿಯದಿಂದ ಬರುವ ವಲಸೆ ಹಕ್ಕಿಗಳು ಉಣ್ಣೆಯೊಡನೆ ಇದನ್ನು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಅಧ್ಯಯನವನ್ನು ಕೈಗೊಂಡಿತು. ಮುಂದೆ ಇದಕ್ಕೆ ಹಣ ಒದಗಿಸಿದ್ದು ‘ವಲಸೆ ಪ್ರಾಣಿಗಳ ರೋಗ ಸಮೀಕ್ಷೆ’ ಎಂಬ ಯೋಜನೆ. ಏಷ್ಯಾದ ಹಲವು ದೇಶಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳಿಗೆ ಉಂಗುರ ತೊಡಿಸಿದ ಈ ಯೋಜನೆಯ ಹೆಸರಿನಲ್ಲಿ ಸೇನೆಯ ಸುಳಿವಿರಲಿಲ್ಲ; ಹಣ ಮಾತ್ರ ಅಮೆರಿಕದ ಸೇನೆಯದು.

ಅನುಮಾನಕ್ಕೆ ಆಧಾರವಿಲ್ಲದಿರಲಿಲ್ಲ. ಸ್ಮಿತ್‌ಸೋನಿಯನ್ ಸಂಸ್ಥೆಯು ಪೆಸಿಫಿಕ್ ದ್ವೀಪಗಳಲ್ಲಿ ನಡೆಸಿದ ಹಕ್ಕಿ ಸಮೀಕ್ಷೆಗೆ ಅಮೆರಿಕದ ರೋಗಾಸ್ತ್ರ ಪ್ರಯೋಗಾಲಯ ಫೋರ್ಟ್ ಡೆಟ್ರಿಕ್ ಹಣ ಕೊಟ್ಟಿತ್ತೆಂಬುದು 1969ರಲ್ಲಿ ಬಯಲಾಯಿತು. 1975ರಲ್ಲಿ ನಮ್ಮ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ತನ್ನ 167ನೆಯ ವರದಿಯಲ್ಲಿ ಹಕ್ಕಿಗಳ ಅಧ್ಯಯನವೂ ಸೇರಿದಂತೆ ವಿದೇಶಿ ನೆರವಿನ ಸಂಶೋಧನೆಗಳನ್ನು ಪರಿಶೀಲಿಸಿ, ತೀವ್ರ ಆಕ್ಷೇಪ ಎತ್ತಿತು.

ನ್ಯಾಯವಾಗಿ ಹೇಳುವುದಾದರೆ, ಈ ಅಧ್ಯಯನವು ಆಯುಧಕ್ಕೆ ಬಳಕೆಯಾಯಿತೆಂಬುದು ಸಿದ್ಧಪಟ್ಟಿಲ್ಲ. ಹಕ್ಕಿಗಳೇ ರೋಗ ತಂದವೆಂಬುದೂ ಸಿದ್ಧಪಟ್ಟಿಲ್ಲ. ಹಕ್ಕಿಗಳ ವಲಸೆಯ ಬಗೆಗೆ ದೊರೆತ ಜ್ಞಾನ ಬೆಲೆಯುಳ್ಳದ್ದೇ. ಆದರೆ ಲೆಕ್ಕ ಬರೆದು ಬದುಕಿದ ನನ್ನಂಥವನಿಗೆ ಒಂದು ಮಾತು ಸ್ಪಷ್ಟ: ಖರ್ಚಿನ ಪುಟ ಎಷ್ಟೇ ಶುದ್ಧವಿದ್ದರೂ ಜಮಾ ಪುಟದಲ್ಲಿ ಕೊಟ್ಟವರ ನಿಜವಾದ ಹೆಸರಿಲ್ಲದಿದ್ದರೆ ಆ ಲೆಕ್ಕ ಪೂರ್ಣವಲ್ಲ. ಹಣದ ಮೂಲ ಮರೆಯಾದಲ್ಲಿ ಪ್ರಾಮಾಣಿಕನಾದ ವಿಜ್ಞಾನಿಯೂ ಶಂಕೆಗೆ ಗುರಿಯಾಗುತ್ತಾನೆ. ಔಷಧ ಹಿಡಿದು ಬಂದವನನ್ನೂ ಹಳ್ಳಿಗ ನಂಬದಾಗುತ್ತಾನೆ. ಜ್ವರದಲ್ಲಿ ನರಳಿದವರು ನಮ್ಮ ಸೀಮೆಯ ಬಡವರು. ಅವರ ನೋವಿನಿಂದ ಹುಟ್ಟಿದ ಸಂಶೋಧನೆಗೆ ಹಣ ಕೊಟ್ಟವರಾರು, ಏತಕ್ಕಾಗಿ ಎಂದು ತಿಳಿಯುವ ಹಕ್ಕು ಮೊದಲು ಅವರದಾಗಿತ್ತು. ದಾನ ಸ್ವೀಕರಿಸುವ ಯಾವ ಸಂಸ್ಥೆಯೂ, ನಮ್ಮ ಬಸದಿಗಳ ಟ್ರಸ್ಟುಗಳೂ ಸೇರಿ, ಈ ಪಾಠವನ್ನು ಮರೆಯಬಾರದು.