ಒಲಿದು ಇಳಿದು ಬರುವ ದೈವ: ಹಂಪೆಯ ಭಕ್ತಿಚರಿತ್ರೆಯ ಒಂದು ಎಳೆ

ಹಂಪೆಯ ದೈವಪ್ರೇಮದ ಚರಿತ್ರೆಯನ್ನು ಅಲ್ಲಿನ ಶಿವ ವಿರೂಪಾಕ್ಷನಿಂದ ಆರಂಭಿಸುವುದು ರೂಢಿ. ಅಲ್ಲಿನ ದೇವಿ ಪಂಪೆಯಿಂದ ಆರಂಭಿಸಬೇಕೆಂಬುದು ನನ್ನ ವಾದ. 7ನೆಯ ಶತಮಾನದ ಕೊನೆಯ ಭಾಗದ, ಬಾದಾಮಿ ಚಾಲುಕ್ಯ ವಿನಯಾದಿತ್ಯನ ತಾಮ್ರಶಾಸನದಲ್ಲಿ ಈ ಸ್ಥಳ ‘ಪಂಪಾತೀರ್ಥ’. ವಿರೂಪಾಕ್ಷನ ಹೆಸರು ಶಾಸನಗಳಲ್ಲಿ ಕಾಣಿಸಿಕೊಳ್ಳುವುದು ಬಹಳ ತಡವಾಗಿ. ಸ್ಥಳಪುರಾಣದಲ್ಲೂ ಮೊದಲು ಹಂಬಲಿಸಿದವಳು ಪಂಪೆಯೇ. ಹೇಮಕೂಟದಲ್ಲಿ ಮನ್ಮಥನನ್ನು ಸುಟ್ಟ ಶಿವ ಆಕೆಯ ತಪಸ್ಸಿಗೆ ಸೋತು ಕೈಹಿಡಿಯುತ್ತಾನೆ. ಕಾಮ ಬೂದಿಯಾದ ಮೇಲೂ ಉಳಿದ ಆ ಒಲವು ಎಂಥದು?

ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವನು 1200ರ ಆಸುಪಾಸಿನ ಹರಿಹರ. ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿದ್ದವನು ಕೆಲಸ ಬಿಟ್ಟು ಹಂಪೆಗೆ ಬಂದು ನೆಲೆಸಿದ. ಆಸ್ಥಾನದಲ್ಲಿ ಲೆಕ್ಕ ಒಪ್ಪಿಸುತ್ತಿದ್ದಾಗಲೇ ಅವನು ಥಟ್ಟನೆ ಅಂಗೈಗಳನ್ನು ಉಜ್ಜಿಕೊಂಡನಂತೆ. ವಿರೂಪಾಕ್ಷನ ಗುಡಿಯಲ್ಲಿ ತೆರೆಗೆ ಹತ್ತಿದ ಬೆಂಕಿ ಅಲ್ಲಿ ಆರಿತಂತೆ. ಇದು ಐತಿಹ್ಯ. ಆದರೆ ಹರಿಹರನ ಭಕ್ತಿಯನ್ನು ಜನ ಹೇಗೆ ಕಂಡರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ‘ಗಿರಿಜಾಕಲ್ಯಾಣ’ದಲ್ಲಿ ಅವನು ದೈವಗಳ ಮದುವೆಯನ್ನು ಚಂಪುವಿನಲ್ಲಿ ಹಾಡಿದ. ‘ನಂಬಿಯಣ್ಣನ ರಗಳೆ’ಯಲ್ಲಿ ಇನ್ನೂ ಧೈರ್ಯದ ಹೆಜ್ಜೆ ಇಟ್ಟ. ಅಲ್ಲಿ ಭಕ್ತ ನಂಬಿಯಣ್ಣನ ಮೇಲೆ ಮುನಿದ ಅವನ ನಲ್ಲೆ ಪರವೆಯನ್ನು ಸಂತೈಸಲು ಶಿವನೇ ಭಕ್ತನ ದೂತನಾಗಿ ಹೋಗುತ್ತಾನೆ. ಕಥೆಯ ಮೂಲ ತಮಿಳು ಶೈವ ಪರಂಪರೆಯದು, ನಿಜ. ಅದನ್ನು ಕನ್ನಡದ ಬೀದಿಗೆ, ಮನೆಬಾಗಿಲಿಗೆ ತಂದವನು ಹಂಪೆಯ ಈ ಕವಿ. ಮಾನವಪ್ರೇಮಕ್ಕೆ ದೇವರೇ ಓಡಾಡುವ ಈ ಪ್ರಸಂಗವನ್ನು ನಾನು ಕನ್ನಡ ಭಕ್ತಿಕಾವ್ಯದ ಶಿಖರಗಳಲ್ಲಿ ಒಂದೆಂದು ಎಣಿಸುತ್ತೇನೆ.

 

ವಿಜಯನಗರದ ಕಾಲಕ್ಕೆ ಮಾತು ಹರಿದಾಸರ ಕಡೆ ಹೊರಳುತ್ತದೆ. ಅವರು ಅನುಸರಿಸಿದ ಮಧ್ವಮತದಲ್ಲಿ ಭಕ್ತಿಯೆಂದರೆ ದೇವರ ಮಹಿಮೆಯನ್ನು ಅರಿತ ಮೇಲೆ ಹುಟ್ಟುವ, ಉಳಿದೆಲ್ಲಕ್ಕಿಂತ ಮಿಗಿಲಾದ ಸ್ನೇಹ. ಹರಿ ಬಿಂಬರೂಪಿಯಾಗಿ ಪ್ರತಿ ಜೀವದ ಒಳಗೇ ಇದ್ದಾನೆ. ಜೀವ ಮಾತ್ರ ಅವನಾಗುವುದಿಲ್ಲ. ಈ ಅಂತರವನ್ನು ತರ್ಕದಿಂದ ಕಾದವರು ‘ನ್ಯಾಯಾಮೃತ’ದ ವ್ಯಾಸತೀರ್ಥರು, 1539ರಲ್ಲಿ ತೀರಿಕೊಂಡ ಅವರ ವೃಂದಾವನ ಆನೆಗೊಂದಿಯ ಬಳಿಯ ನವವೃಂದಾವನದಲ್ಲಿದೆ. ಅದೇ ಅಂತರವನ್ನು ಸಲಿಗೆಯಿಂದ ದಾಟಿದವರು ಅವರ ಶಿಷ್ಯ ಪುರಂದರದಾಸರು. ಅಂತರ್ಯಾಮಿಯೊಡನೆ ಜಗಳವಾಡುವ, ಅವನನ್ನು ಛೇಡಿಸುವ, ಮಗುವೆಂದು ಎತ್ತಿಕೊಳ್ಳುವ ಹಕ್ಕನ್ನು ಅವರ ಕೀರ್ತನೆಗಳು ಆಡುಮಾತಿಗೆ ಕೊಟ್ಟವು. ದಾಸರು ಕಾಲವಾದದ್ದು 1564ರಲ್ಲಿ, ರಾಜಧಾನಿ ಹಾಳಾಗುವ ಹಿಂದಿನ ವರ್ಷ.

ಹರಿಹರನನ್ನು ಶೈವರ ಕಪಾಟಿನಲ್ಲೂ ಪುರಂದರರನ್ನು ವೈಷ್ಣವರ ಕಪಾಟಿನಲ್ಲೂ ಇಡುವ ಅಭ್ಯಾಸ ನಮ್ಮ ಸಾಹಿತ್ಯ ಚರಿತ್ರೆಗಳದು. ತತ್ತ್ವದ ಭೇದ ಸಣ್ಣದಲ್ಲ. ಆದರೂ ಇಬ್ಬರಲ್ಲೂ ಹಂಬಲ ಕೆಳಗಿನಿಂದ ಏಳುತ್ತದೆ, ದೈವ ಇಳಿದು ಬರುತ್ತದೆ. ಪಂಪೆಯ ಕಥೆಯ ಚಲನೆಯೂ ಇದೇ. ಆಚರಣೆಯಲ್ಲೂ ಶೈವ-ವೈಷ್ಣವರ ಈ ನಂಟು ಕಾಣುತ್ತದೆ. ಪಂಪಾ-ವಿರೂಪಾಕ್ಷರ ನಿಶ್ಚಿತಾರ್ಥವಾದ ಫಲಪೂಜೆ ಇಂದಿಗೂ ನಡೆಯುವುದು ತುಂಗಭದ್ರೆಯ ದಡದ ಕೋದಂಡರಾಮನ ಗುಡಿಯಲ್ಲಿ. ಮದುವೆ ಮತ್ತು ತೇರು ಚೈತ್ರದಲ್ಲಿ. ಹೊಸಪೇಟೆ, ಕಂಪ್ಲಿಯ ಕಡೆಯ ಜನ ಹಂಪೆಗೆ ಬರುವುದು ಆ ಮದುವೆಯ ಬಂಧುಗಳಾಗಿ.