ಮಡಿಕೇರಿಯ ವ್ಯಾಪಾರ ಮತ್ತು ನಗರ ಬೆಳವಣಿಗೆ

ಮಡಿಕೇರಿಯು ಕರ್ನಾಟಕ ರಾಜ್ಯದ ಕೊಡಗು ಜಿಲ್ಲೆಯ ಆಡಳಿತ ಕೇಂದ್ರವಾಗಿರುವ ಒಂದು ಸಣ್ಣ ನಗರ. 2011ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ 33,381. ಕೋಟೆಯೊಂದರ ಸುತ್ತ ಹುಟ್ಟಿಕೊಂಡ ಈ ಊರು ಹಾಲೇರಿ ಅರಸರ ರಾಜಧಾನಿಯಾಗಿ, ಮೈಸೂರಿನ ಸುಲ್ತಾನರ ಸೇನಾಠಾಣ್ಯವಾಗಿ, ಬಳಿಕ ಬ್ರಿಟಿಷರ ದಂಡಿನ ಊರಾಗಿ ಬೆಳೆಯಿತು. ಸೈನ್ಯದ ನೆಲೆಯು ಇಲ್ಲಿಗೆ ವ್ಯಾಪಾರವನ್ನು ಕರೆತಂದ ಮೊದಲ ಕಾರಣವಾದರೆ, 19ನೆಯ ಶತಮಾನದ ಮಧ್ಯಭಾಗದಿಂದ ಆ ಸ್ಥಾನವನ್ನು ಕಾಫಿ ಬೆಳೆಯು ಪಡೆಯಿತು. ಕೊಡಗು ಭಾರತೀಯ ಸೇನೆಗೆ ಹೆಚ್ಚಿನ ಸಂಖ್ಯೆಯಲ್ಲಿ ಅಧಿಕಾರಿಗಳನ್ನೂ ಸೈನಿಕರನ್ನೂ ನೀಡಿದ ಪ್ರದೇಶವೆಂದು ಹೆಸರಾಗಿದ್ದರೂ, ಮಡಿಕೇರಿಯಲ್ಲಿ ಇಂದು ದೊಡ್ಡ ಸೇನಾನೆಲೆಯಿಲ್ಲ. ಸೈನ್ಯದ ನೆಲೆ ಇಲ್ಲವಾದ ಮೇಲೆ ಬೆಟ್ಟದ ಮೇಲಿನ ಸಣ್ಣ ನಗರವೊಂದು ಯಾವ ಆಧಾರದ ಮೇಲೆ ಬೆಳೆಯಬಲ್ಲದು, ಎಷ್ಟರವರೆಗೆ ಬೆಳೆಯಬಲ್ಲದು ಎಂಬ ಪ್ರಶ್ನೆಗೆ ಇದರ ಇತಿಹಾಸವು ಒಂದು ನಿದರ್ಶನವಾಗಿದೆ.

ಭೌಗೋಳಿಕ ಹಿನ್ನೆಲೆ

ಮಡಿಕೇರಿಯು ಪಶ್ಚಿಮ ಘಟ್ಟಗಳಲ್ಲಿ, ಸಮುದ್ರಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಮೈಸೂರಿನಿಂದ ಸುಮಾರು 120 ಕಿ.ಮೀ. ಮತ್ತು ಮಂಗಳೂರಿನಿಂದ ಸುಮಾರು 140 ಕಿ.ಮೀ. ದೂರದಲ್ಲಿರುವ ಈ ನಗರವು ಬಯಲುಸೀಮೆಯನ್ನೂ ಕರಾವಳಿಯನ್ನೂ ಜೋಡಿಸುವ ಘಟ್ಟದ ದಾರಿಯ ನೆತ್ತಿಯಲ್ಲಿದೆ. ಸುತ್ತಲೂ ಕಡಿದಾದ ಇಳಿಜಾರುಗಳಿದ್ದು, ಮುಂಗಾರಿನಲ್ಲಿ ಭಾರಿ ಮಳೆ ಬೀಳುತ್ತದೆ. ಶತ್ರುಗಳಿಂದ ರಕ್ಷಣೆಗೆ ಅನುಕೂಲವೆಂದು ಆರಿಸಿಕೊಂಡ ಈ ಸ್ಥಳದ ಗುಣಗಳೇ ಮುಂದೆ ನಗರದ ವಿಸ್ತರಣೆಗೆ ಮಿತಿಗಳಾಗಿ ಪರಿಣಮಿಸಿದವು.

ಕೋಟೆ ಮತ್ತು ಪೇಟೆ

ಹಾಲೇರಿ ವಂಶದ ಅರಸ ಮುದ್ದುರಾಜನು 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ಬದಲಾಯಿಸಿ ಮಣ್ಣಿನ ಕೋಟೆಯನ್ನು ಕಟ್ಟಿಸಿದನು. ಮುದ್ದುರಾಜನ ಕೇರಿ ಎಂಬುದೇ ಕಾಲಕ್ರಮದಲ್ಲಿ ಮಡಿಕೇರಿಯಾಯಿತೆಂದು ಹೇಳಲಾಗುತ್ತದೆ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಕೊಡಗು ಮೈಸೂರಿನ ವಶವಾದಾಗ ಟಿಪ್ಪು ಸುಲ್ತಾನನು ಕೋಟೆಯನ್ನು ಕಲ್ಲಿನಿಂದ ಪುನಃ ಕಟ್ಟಿಸಿ, ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟನು. 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡ ದೊಡ್ಡವೀರರಾಜೇಂದ್ರನು ಕೋಟೆಯನ್ನು ಮರಳಿ ಪಡೆದನು.

ಮಡಿಕೇರಿಯು ಮೊದಲಿನಿಂದಲೂ ಎರಡು ಭಾಗಗಳಾಗಿತ್ತು. ಅರಮನೆ, ಕಾವಲುಪಡೆ ಮತ್ತು ಆಡಳಿತ ಕೋಟೆಯೊಳಗಿದ್ದರೆ, ಅಂಗಡಿಸಾಲುಗಳು ಮಹದೇವಪೇಟೆಯಲ್ಲಿದ್ದವು. ಕೋಟೆಯಲ್ಲಿದ್ದವರಿಗೆ ಬಟ್ಟೆ, ಉಪ್ಪು, ಎಣ್ಣೆ, ಲೋಹದ ಸಾಮಾನುಗಳನ್ನು ಒದಗಿಸುವುದು ಪೇಟೆಯ ಮುಖ್ಯ ಕಸುಬಾಗಿತ್ತು. ಉಪ್ಪು ಮೊದಲಾದ ಕರಾವಳಿಯ ಸರಕುಗಳು ಘಟ್ಟ ಹತ್ತಿ ಬರುತ್ತಿದ್ದವು. ಕೊಡಗಿನ ಅಕ್ಕಿ ಮತ್ತು ಏಲಕ್ಕಿ ಘಟ್ಟದ ಕೆಳಗೆ ಹೋಗುತ್ತಿದ್ದವು.

ಕೊಡವರೂ ಇತರ ಸ್ಥಳೀಯ ಕೃಷಿಕ ಸಮುದಾಯಗಳೂ ಮುಖ್ಯವಾಗಿ ಬೇಸಾಯ ಮತ್ತು ಸೈನಿಕ ಸೇವೆಯಲ್ಲಿ ತೊಡಗಿದ್ದುದರಿಂದ ಅಂಗಡಿ ವ್ಯಾಪಾರಕ್ಕೆ ಹೊರಗಿನವರನ್ನು ಕರೆತರುವುದು ಅಗತ್ಯವಾಯಿತು. ಇದರ ಸ್ಪಷ್ಟ ಉದಾಹರಣೆ ದಕ್ಷಿಣ ಕೊಡಗಿನ ವಿರಾಜಪೇಟೆ. ಕಂಪನಿಯ ಸೇನಾಧಿಕಾರಿ ಜನರಲ್ ಅಬರ್‌ಕ್ರಾಂಬಿಯೊಂದಿಗಿನ ಭೇಟಿಯ ನೆನಪಿಗಾಗಿ ದೊಡ್ಡವೀರರಾಜೇಂದ್ರನು 1792ರಲ್ಲಿ ಈ ಪೇಟೆಯನ್ನು ಸ್ಥಾಪಿಸಿದನು. ಟಿಪ್ಪುವಿನ ಆಳ್ವಿಕೆಯ ಪ್ರದೇಶದಿಂದ ತಪ್ಪಿಸಿಕೊಂಡು ಬಂದ ಕ್ಯಾಥೋಲಿಕ್ ಕ್ರೈಸ್ತರಿಗೆ ಅಲ್ಲಿ ನೆಲೆಸಲು ಜಾಗವನ್ನೂ ಆಶ್ರಯವನ್ನೂ ನೀಡಲಾಯಿತು. ಅಲ್ಲಿನ ಸಂತ ಅನ್ನಮ್ಮ ಚರ್ಚು ಈ ನೆಲೆಯೊಂದಿಗೆ ಹುಟ್ಟಿಕೊಂಡಿತು. ಹೀಗೆ ಜಾಗ ಮತ್ತು ರಕ್ಷಣೆಯನ್ನು ಕೊಟ್ಟು ಜನರನ್ನು ನೆಲೆಗೊಳಿಸುವುದು ಆ ಕಾಲದಲ್ಲಿ ಪಟ್ಟಣ ಕಟ್ಟುವ ಕ್ರಮವಾಗಿತ್ತು.

ಹಳ್ಳಿಗಳ ನಡುವಿನ ವ್ಯಾಪಾರವು ವಾರದ ಸಂತೆಗಳ ಮೂಲಕ ನಡೆಯುತ್ತಿತ್ತು. ಸೋಮವಾರಪೇಟೆ, ಶನಿವಾರಸಂತೆ ಎಂಬ ಊರುಗಳ ಹೆಸರುಗಳಲ್ಲಿಯೇ ಸಂತೆಯ ದಿನಗಳು ಉಳಿದುಕೊಂಡಿವೆ. ಮಡಿಕೇರಿಯ ಸಂತೆ ಶುಕ್ರವಾರ ನಡೆಯುತ್ತದೆ.

ಬ್ರಿಟಿಷ್ ದಂಡಿನ ಕಾಲ

1834ರಲ್ಲಿ ಕಂಪನಿಯ ಸೈನ್ಯವು ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಆಗ ಅಧಿಕಾರ ವಹಿಸಿಕೊಂಡ ಕರ್ನಲ್ ಫ್ರೇಸರನ ಹೆಸರಿನಿಂದ ಕಾವೇರಿ ತೀರದ ಕುಶಾಲನಗರಕ್ಕೆ ಫ್ರೇಸರ್‌ಪೇಟೆ ಎಂಬ ಹೆಸರು ಬಂದಿತು. ಮಡಿಕೇರಿಯು ಆಡಳಿತ ಕೇಂದ್ರವಾಗಿಯೇ ಉಳಿಯಿತು; ಮದ್ರಾಸ್ ಸೈನ್ಯದ ಪಡೆಯೊಂದನ್ನು ಇಲ್ಲಿ ಇರಿಸಲಾಯಿತು.

ರಾಜಕೀಯ ಗಡಿಯ ಬದಲಾವಣೆಯು ವ್ಯಾಪಾರದ ಮೇಲೂ ಪರಿಣಾಮ ಬೀರಿತು. ಕೊಡಗಿಗೆ ಸೇರಿದ್ದ ಪುತ್ತೂರು ಮತ್ತು ಅಮರಸುಳ್ಯ ಸೀಮೆಗಳನ್ನು ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಧಾನ್ಯದ ರೂಪದಲ್ಲಿ ಕಂದಾಯ ಕೊಡುತ್ತಿದ್ದ ಅಲ್ಲಿನ ರೈತರು ಹಣದ ರೂಪದಲ್ಲಿ ಕಟ್ಟಬೇಕಾಗಿ ಬಂದದ್ದು 1837ರ ಅಮರಸುಳ್ಯ ದಂಗೆಯ ಕಾರಣಗಳಲ್ಲಿ ಒಂದಾಗಿತ್ತು. ದಂಗೆಯ ನಂತರ ಸೈನ್ಯದ ಸಂಚಾರಕ್ಕೆ ಅನುಕೂಲವಾದ ರಸ್ತೆಗಳಿಗೆ ಹೆಚ್ಚಿನ ಮಹತ್ವ ಬಂದಿತು. ಸಂಪಾಜೆ ಘಟ್ಟದ ಮೂಲಕ ಮಂಗಳೂರಿನ ಕಡೆಗೂ ಕುಶಾಲನಗರದ ಮೂಲಕ ಮೈಸೂರಿನ ಕಡೆಗೂ ಸಾಗುವ ದಾರಿಗಳಲ್ಲಿ ಎತ್ತಿನ ಗಾಡಿಗಳ ಓಡಾಟ ಹೆಚ್ಚಿತು. ಸೈನ್ಯಕ್ಕೆ ಬೇಕಾದ ದಾರಿಯೇ ವರ್ತಕರ ದಾರಿಯೂ ಆಯಿತು.

ಕಾಫಿಯ ಆಗಮನ

ಕೊಡಗಿನಲ್ಲಿ ಕಾಫಿ ಗಿಡಗಳು ಮೊದಲೇ ಇದ್ದರೂ ಯುರೋಪಿಯನ್ನರ ಮೊದಲ ತೋಟವನ್ನು ಜಾನ್ ಫೌಲರ್ ಎಂಬಾತನು 1854ರಲ್ಲಿ ಮಡಿಕೇರಿಯಲ್ಲಿ ಆರಂಭಿಸಿದನು. ಮುಂದಿನ ದಶಕಗಳಲ್ಲಿ ಕಾಡು ಕಡಿದು ತೋಟ ಮಾಡುವುದು ವೇಗವಾಗಿ ಹರಡಿತು. ತೋಟಗಳಿಗೆ ಕೂಲಿಯಾಳುಗಳು, ಅಕ್ಕಿ, ಸಲಕರಣೆ, ಸಾಲ ಹಾಗೂ ಸಾಗಾಣಿಕೆಯ ಅಗತ್ಯವಿದ್ದುದರಿಂದ ಪೇಟೆಗೆ ಹೊಸ ಗಿರಾಕಿಗಳು ದೊರೆತರು. ಮಲಬಾರಿನ ಮಾಪಿಳ್ಳೆ ವರ್ತಕರು, ಕರಾವಳಿಯ ಕೊಂಕಣಿ ಭಾಷಿಕರು ಮೊದಲಾದವರು ಪೇಟೆಗಳಲ್ಲಿ ನೆಲೆಯೂರಿದರು. ಮಡಿಕೇರಿಯಲ್ಲಿದ್ದ ಪಡೆಯನ್ನು ಕಾಲಕ್ರಮದಲ್ಲಿ ಹಿಂತೆಗೆದುಕೊಂಡರೂ ಪೇಟೆಯು ಅಳಿಯದೆ ಉಳಿಯಲು ಕಾಫಿ ಮತ್ತು ಆಡಳಿತ ಕಚೇರಿಗಳೇ ಮುಖ್ಯ ಕಾರಣ.

ಆದರೆ ಕಾಫಿಯು ಮಡಿಕೇರಿಗೆ ಮಾತ್ರ ಸೀಮಿತವಾಗಲಿಲ್ಲ. ಕಾಂಡಕೊರಕ ಹುಳುವಿನ ಹಾವಳಿಯಿಂದ ಹಳೆಯ ತೋಟಗಳು ನಷ್ಟಕ್ಕೀಡಾದಾಗ ತೋಟಗಾರರು ಸಿದ್ದಾಪುರ ಮತ್ತು ಪಾಲಿಬೆಟ್ಟದ ಸುತ್ತಲಿನ ಬಿದಿರುಕಾಡಿನ ಪ್ರದೇಶದತ್ತ ಸಾಗಿದರು. ಸುಂಟಿಕೊಪ್ಪ, ಸಿದ್ದಾಪುರ, ಗೋಣಿಕೊಪ್ಪಲು ಮೊದಲಾದ ಊರುಗಳು ತಮ್ಮದೇ ಆದ ವ್ಯಾಪಾರಕೇಂದ್ರಗಳಾದವು. ಕಾಫಿಯನ್ನು ಹದಮಾಡಿ ವಿಂಗಡಿಸುವ ಕ್ಯೂರಿಂಗ್ ಕೆಲಸದ ಬಹುಪಾಲು ಮಂಗಳೂರು ಮತ್ತು ಹುಣಸೂರಿನಂತಹ ಹೊರಗಿನ ಊರುಗಳಲ್ಲಿ ನಡೆಯಿತು. ಬೆಳೆ ಕೊಡಗಿನದಾದರೂ ಅದರ ಸಂಸ್ಕರಣೆಯಿಂದ ಬರುವ ಉದ್ಯೋಗ ಮತ್ತು ಲಾಭದ ದೊಡ್ಡ ಪಾಲು ಜಿಲ್ಲೆಯ ಹೊರಗೆ ಉಳಿಯಿತು.

ಜಮ್ಮಾ ಭೂಮಿ ಮತ್ತು ಸೈನಿಕ ಸೇವೆ

ಕೊಡಗಿನಲ್ಲಿ ಭೂಮಿಗೂ ಸೈನಿಕ ಸೇವೆಗೂ ನೇರ ಸಂಬಂಧವಿತ್ತು. ಅರಸರ ಕಾಲದಲ್ಲಿ ಸೈನಿಕ ಮತ್ತು ಇತರ ಸೇವೆಗಳಿಗೆ ಪ್ರತಿಯಾಗಿ ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿಯನ್ನು ಜಮ್ಮಾ ಎನ್ನುತ್ತಾರೆ. ಗದ್ದೆಗೆ ಹೊಂದಿಕೊಂಡ ಕಾಡು ಅಥವಾ ಹುಲ್ಲಿನ ಭೂಮಿ ಬಾಣೆ ಎನಿಸಿಕೊಳ್ಳುತ್ತದೆ. ಬ್ರಿಟಿಷರು ಈ ಪದ್ಧತಿಯನ್ನು ಮುಂದುವರಿಸಿದರು; ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ನೀಡಿದ ವಿನಾಯಿತಿಯು ಇಂದಿಗೂ ಜಾರಿಯಲ್ಲಿದೆ.

ಜಮ್ಮಾ ಭೂಮಿಯು ಸಾಂಪ್ರದಾಯಿಕವಾಗಿ ಇಡೀ ಒಕ್ಕದ, ಅಂದರೆ ಕೂಡುಕುಟುಂಬದ, ಸ್ವತ್ತಾಗಿದ್ದು ಬಿಡಿ ವ್ಯಕ್ತಿಯ ಮಾರಾಟದ ವಸ್ತುವಾಗಿರಲಿಲ್ಲ. ಇದರಿಂದ ಭೂಮಿಯು ಸ್ಥಳೀಯ ಕುಟುಂಬಗಳ ಕೈಯಲ್ಲಿ ಉಳಿಯಿತು. ಮತ್ತೊಂದೆಡೆ ದಾಖಲೆಗಳಲ್ಲಿ ಹಲವು ಹಿರಿಯರ ಹೆಸರುಗಳು ಒಟ್ಟಾಗಿರುವುದರಿಂದ ವಿಭಾಗ, ಬ್ಯಾಂಕ್ ಸಾಲ, ಭೂಪರಿವರ್ತನೆ ಮೊದಲಾದವು ಜಟಿಲವಾದವು. ಜಮ್ಮಾ ಬಾಣೆಯ ಹಕ್ಕುಗಳನ್ನು ಕುರಿತು ನ್ಯಾಯಾಲಯಗಳಲ್ಲಿಯೂ ವಿಧಾನಮಂಡಲದಲ್ಲಿಯೂ ದೀರ್ಘಕಾಲ ಚರ್ಚೆ ನಡೆದಿದೆ.

ಸ್ವಾತಂತ್ರ್ಯಾನಂತರದ ಬದಲಾವಣೆಗಳು

ಸ್ವಾತಂತ್ರ್ಯಾನಂತರ ಕೊಡಗು ಪ್ರತ್ಯೇಕ ಸಿ ದರ್ಜೆಯ ರಾಜ್ಯವಾಗಿದ್ದು, ಮಡಿಕೇರಿಯು ಅದರ ರಾಜಧಾನಿಯಾಗಿತ್ತು. ಸಿ.ಎಂ. ಪೂಣಚ್ಚ ಅವರು 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದಾಗ ಮಡಿಕೇರಿಯು ಜಿಲ್ಲಾ ಕೇಂದ್ರವಾಯಿತು. ಕೋಟೆಯೊಳಗಿನ ಅರಮನೆಯಲ್ಲಿ ಹಲವು ದಶಕಗಳ ಕಾಲ ಸರ್ಕಾರಿ ಕಚೇರಿಗಳು ನಡೆದವು. ಕೋಟೆಯಲ್ಲಿರುವ ಬ್ರಿಟಿಷರ ಕಾಲದ ಸಂತ ಮಾರ್ಕರ ಚರ್ಚಿನ ಕಟ್ಟಡವು ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ.

ಕಾಫಿ ಮಂಡಳಿಯು ಬೆಳೆಗಾರರಿಂದ ಕಾಫಿಯನ್ನು ಸಂಗ್ರಹಿಸಿ ಮಾರುತ್ತಿದ್ದ ವ್ಯವಸ್ಥೆಯು 1990ರ ದಶಕದಲ್ಲಿ ಹಂತಹಂತವಾಗಿ ಕೊನೆಗೊಂಡು ಮಾರುಕಟ್ಟೆಯು ಮುಕ್ತವಾಯಿತು. ಬೆಳೆಗಾರರು ನೇರವಾಗಿ ಮಾರುವ ಸ್ವಾತಂತ್ರ್ಯ ಪಡೆದರು. ಜೊತೆಗೆ ಅಂತರರಾಷ್ಟ್ರೀಯ ಬೆಲೆಯ ಏರಿಳಿತಗಳಿಗೂ ನೇರವಾಗಿ ಒಡ್ಡಿಕೊಂಡರು. 1994ರಲ್ಲಿ ಬ್ರೆಜಿಲಿನ ಹೆಪ್ಪುಗಟ್ಟಿಸುವ ಚಳಿಯಿಂದ ಬೆಲೆ ಏರಿದಾಗ ಕೊಡಗಿನಲ್ಲಿ ಹಣದ ಓಡಾಟ ಹೆಚ್ಚಿತು. 2000ದ ನಂತರದ ಬೆಲೆಕುಸಿತದಲ್ಲಿ ಅದು ಕುಗ್ಗಿತು. ದೇಶದ ಕಾಫಿ ಉತ್ಪಾದನೆಯಲ್ಲಿ ಕೊಡಗಿನ ಪಾಲು ಸುಮಾರು ಮೂರನೆಯ ಒಂದು ಭಾಗ.

ಕೈಗಾರಿಕೆಗಳು ಬೆಟ್ಟದ ಮೇಲಿನ ಮಡಿಕೇರಿಗಿಂತ ಬಯಲಿಗೆ ಹತ್ತಿರವಿರುವ ಕುಶಾಲನಗರವನ್ನು ಆರಿಸಿಕೊಂಡವು. ಅಲ್ಲಿನ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಸಂಸ್ಕರಣಾ ಘಟಕಗಳಿವೆ. ಸಮತಟ್ಟಾದ ಜಾಗ, ನೀರು ಮತ್ತು ಮೈಸೂರಿನ ಸಾಮೀಪ್ಯ ಇದಕ್ಕೆ ಕಾರಣಗಳು. ಮಡಿಕೇರಿಗೆ ಬಂದದ್ದು ಮುಖ್ಯವಾಗಿ ಸೇವಾಕ್ಷೇತ್ರ: ಸರ್ಕಾರಿ ಕಚೇರಿಗಳು, ಬ್ಯಾಂಕುಗಳು, ಶಿಕ್ಷಣ ಸಂಸ್ಥೆಗಳು ಹಾಗೂ 2016ರಲ್ಲಿ ಆರಂಭವಾದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ.

ಸೇನೆಯೊಂದಿಗಿನ ಇಂದಿನ ಸಂಬಂಧ

ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಮತ್ತು 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯ ಇಬ್ಬರೂ ಕೊಡಗಿನವರು. ಮಡಿಕೇರಿಯ ಕಾಲೇಜು, ವೃತ್ತ ಮತ್ತು ರಸ್ತೆಗಳಿಗೆ ಸೇನಾನಿಗಳ ಹೆಸರುಗಳಿವೆ. ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಅನ್ನು ವಸ್ತುಸಂಗ್ರಹಾಲಯವಾಗಿಸಿ 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಕುಶಾಲನಗರದ ಬಳಿಯ ಕೂಡಿಗೆಯಲ್ಲಿ 2007ರಲ್ಲಿ ಸೈನಿಕ ಶಾಲೆ ಆರಂಭವಾಯಿತು.

ಸೇನಾನೆಲೆಯಿರುವ ಊರಿಗೆ ಸೈನಿಕರು ಹೊರಗಿನಿಂದ ಬಂದು ಖರ್ಚು ಮಾಡುತ್ತಾರೆ. ಕೊಡಗಿನಲ್ಲಿ ಇದು ತಿರುವುಮುರುವಾಗಿದೆ: ಇಲ್ಲಿನವರು ಹೊರಗೆ ಹೋಗಿ ದುಡಿದು, ಉಳಿತಾಯ ಮತ್ತು ನಿವೃತ್ತಿ ವೇತನದೊಂದಿಗೆ ಹಿಂತಿರುಗುತ್ತಾರೆ. ಕಾಫಿಯ ಬೆಲೆ ಕುಸಿದಾಗಲೂ ನಿಲ್ಲದೆ ಬರುವ ಈ ಆದಾಯವು ಅನೇಕ ಕುಟುಂಬಗಳಿಗೆ ಆಧಾರ. ಮಾಜಿ ಸೈನಿಕರಿಗಾಗಿ ಮಡಿಕೇರಿಯಲ್ಲಿ ಸೈನಿಕ ಕಲ್ಯಾಣ ಕಚೇರಿ, ಕ್ಯಾಂಟೀನ್ ಮತ್ತು ಆರೋಗ್ಯ ಕೇಂದ್ರಗಳಿದ್ದು, ಇವುಗಳ ಸಲುವಾಗಿ ಹಳ್ಳಿಗಳಿಂದ ಬರುವವರು ನಗರದ ವ್ಯಾಪಾರಕ್ಕೂ ನೆರವಾಗುತ್ತಾರೆ.

ಇತರ ಸೇನಾ ಪಟ್ಟಣಗಳೊಂದಿಗೆ ಹೋಲಿಕೆ

ಕರ್ನಾಟಕದಲ್ಲಿ ಸೇನಾನೆಲೆಯಿಂದ ಬೆಳೆದ ಊರುಗಳ ಪೈಕಿ ಬೆಂಗಳೂರಿನ ದಂಡು ಪ್ರದೇಶವು ಪ್ರಮುಖವಾದುದು. 1809ರಲ್ಲಿ ಸ್ಥಾಪನೆಯಾದ ಈ ನೆಲೆಯ ಸುತ್ತ ಪ್ರತ್ಯೇಕ ನಗರವೇ ಬೆಳೆದು, 1949ರಲ್ಲಿ ಹಳೆಯ ನಗರದೊಂದಿಗೆ ಒಂದೇ ಪಾಲಿಕೆಯಾಯಿತು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದ್ದು, ಲೋಹದ ಎರಕದ ಉದ್ಯಮವೂ ಬೆಳೆದಿದೆ. ಬೀದರಿನಲ್ಲಿ ವಾಯುಪಡೆಯ ನೆಲೆಯನ್ನು ಬಳಸಿಕೊಂಡು 2020ರಲ್ಲಿ ನಾಗರಿಕ ವಿಮಾನಸೇವೆ ಆರಂಭವಾಯಿತು. ಕಾರವಾರದಲ್ಲಿ 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಯ ನೌಕಾನೆಲೆ ‘ಕದಂಬ’ 2005ರಲ್ಲಿ ಕಾರ್ಯಾರಂಭ ಮಾಡಿತು. ಅಲ್ಲಿ ನೆಲೆಗಾಗಿ ಕಡಲತೀರದ ಅನೇಕ ಗ್ರಾಮಗಳ ಸಾವಿರಾರು ಕುಟುಂಬಗಳು ಸ್ಥಳಾಂತರಗೊಂಡವು ಮತ್ತು ಪರಿಹಾರದ ವಿವಾದವು ದೀರ್ಘಕಾಲ ನಡೆಯಿತು.

ಈ ಉದಾಹರಣೆಗಳಲ್ಲಿ ನೆಲೆಯೊಂದೇ ನಗರದ ಬೆಳವಣಿಗೆಯನ್ನು ನಿರ್ಧರಿಸಿಲ್ಲ. ಬೆಂಗಳೂರು ಮತ್ತು ಬೆಳಗಾವಿಗೆ ಸಮತಟ್ಟಾದ ನೆಲವೂ ರೈಲುಮಾರ್ಗವೂ ಇದ್ದುದರಿಂದ ದಂಡಿನ ಜೊತೆಗೆ ಕೈಗಾರಿಕೆಯೂ ಬೆಳೆಯಿತು. ಮಡಿಕೇರಿಗೆ ಇವೆರಡೂ ಇರಲಿಲ್ಲ.

ಪ್ರವಾಸೋದ್ಯಮ ಮತ್ತು ಬೆಳವಣಿಗೆಯ ಮಿತಿಗಳು

ಇತ್ತೀಚಿನ ದಶಕಗಳಲ್ಲಿ ನಗರಕ್ಕೆ ಹೊಸ ಬಂಡವಾಳವನ್ನು ತಂದದ್ದು ಪ್ರವಾಸೋದ್ಯಮ. ಕೋಟೆ, ರಾಜಾಸೀಟ್, ಓಂಕಾರೇಶ್ವರ ದೇವಾಲಯ, ಅಬ್ಬಿ ಜಲಪಾತ ಮತ್ತು ದಶಮಂಟಪಗಳ ಮಡಿಕೇರಿ ದಸರಾ ಮುಖ್ಯ ಆಕರ್ಷಣೆಗಳು. ತೋಟದ ಮನೆಗಳನ್ನು ಹೋಂಸ್ಟೇಗಳಾಗಿ ಮಾಡಿಕೊಂಡದ್ದರಿಂದ ಬೆಳೆಗಾರ ಕುಟುಂಬಗಳಿಗೆ ಎರಡನೆಯ ಆದಾಯ ದೊರೆಯಿತು. ಜಿಲ್ಲೆಯಲ್ಲಿ ರೈಲುಮಾರ್ಗವಿಲ್ಲ, ಮೈಸೂರು–ಕುಶಾಲನಗರ ರೈಲಿನ ಪ್ರಸ್ತಾವವು ಬಹುಕಾಲದ್ದು. 2018ರ ಡಿಸೆಂಬರಿನಲ್ಲಿ ಕೇರಳದ ಕಣ್ಣೂರಿನಲ್ಲಿ ವಿಮಾನ ನಿಲ್ದಾಣ ಆರಂಭವಾದದ್ದರಿಂದ ದಕ್ಷಿಣ ಕೊಡಗಿಗೆ ಅನುಕೂಲವಾಯಿತು.

2018ರ ಆಗಸ್ಟಿನಲ್ಲಿ ಭಾರಿ ಮಳೆಯಿಂದ ಮಡಿಕೇರಿಯ ಸುತ್ತಮುತ್ತ ಅನೇಕ ಕಡೆ ಭೂಕುಸಿತಗಳಾಗಿ ಜೀವಹಾನಿ ಸಂಭವಿಸಿತು. ಮಂಗಳೂರು ರಸ್ತೆ ಕಡಿದುಹೋಯಿತು. ಕಟ್ಟಡ ಮತ್ತು ರಸ್ತೆಗಳಿಗಾಗಿ ಇಳಿಜಾರುಗಳನ್ನು ಕಡಿದದ್ದೂ ಕುಸಿತಗಳಿಗೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಗುರುತಿಸಿತು. ಮನೆ ಕಳೆದುಕೊಂಡವರಿಗಾಗಿ ಜಂಬೂರು, ಮದೆನಾಡು ಮೊದಲಾದೆಡೆ ಬಡಾವಣೆಗಳನ್ನು ನಿರ್ಮಿಸಲಾಯಿತು. ಕಾವೇರಿಯ ಜಲಾನಯನ ಪ್ರದೇಶವಾದ ಕೊಡಗಿನಲ್ಲಿ ಎಷ್ಟು ಕಟ್ಟಡಗಳಿಗೆ, ಎಷ್ಟು ವಾಹನಗಳಿಗೆ ಅವಕಾಶವಿರಬೇಕೆಂಬ ಚರ್ಚೆ ಇದರಿಂದ ತೀವ್ರವಾಯಿತು. ಕಟ್ಟುನಿಟ್ಟಾದ ನಿಯಮಗಳು ಜೀವನೋಪಾಯಕ್ಕೆ ಅಡ್ಡಿಯಾಗುತ್ತವೆ ಎಂಬ ವಾದವೂ, ನಿಯಮಗಳಿಲ್ಲದ ಬೆಳವಣಿಗೆಯು ಜೀವಕ್ಕೇ ಅಪಾಯ ತರುತ್ತದೆ ಎಂಬ ವಾದವೂ ಜಿಲ್ಲೆಯಲ್ಲಿ ಇವೆ.

2001ರಿಂದ 2011ರ ನಡುವೆ ಕೊಡಗಿನ ಜನಸಂಖ್ಯೆಯು 5,48,561ರಿಂದ 5,54,519ಕ್ಕೆ, ಅಂದರೆ ಶೇಕಡಾ 1.09ರಷ್ಟು ಮಾತ್ರ ಏರಿತು. ಅದೇ ಅವಧಿಯಲ್ಲಿ ರಾಜ್ಯದ ಬೆಳವಣಿಗೆ ಶೇಕಡಾ 15ಕ್ಕೂ ಹೆಚ್ಚಿತ್ತು. ಶಿಕ್ಷಣ ಮತ್ತು ಉದ್ಯೋಗಕ್ಕಾಗಿ ಯುವಜನರು ಮೈಸೂರು, ಬೆಂಗಳೂರುಗಳತ್ತ ಹೋಗುವುದು ಸಾಮಾನ್ಯವಾಗಿದೆ. ಹೀಗಾಗಿ ಮಡಿಕೇರಿಯ ಮಟ್ಟಿಗೆ ಬೆಳವಣಿಗೆಯ ಪ್ರಶ್ನೆಯು ಹೊರಗಿನ ಉದ್ಯಮಗಳನ್ನು ಕರೆತರುವುದಕ್ಕೆ ಮಾತ್ರ ಸಂಬಂಧಿಸಿಲ್ಲ. ಇಲ್ಲಿಯೇ ಬೆಳೆಯುವ ಕಾಫಿ, ಕರಿಮೆಣಸು ಮತ್ತು ಏಲಕ್ಕಿಯ ಸಂಸ್ಕರಣೆಯನ್ನು ಜಿಲ್ಲೆಯಲ್ಲಿ ಹೆಚ್ಚಿಸುವುದಕ್ಕೂ, ಬೆಟ್ಟದ ಧಾರಣಶಕ್ತಿಯನ್ನು ಮೀರದೆ ಸ್ಥಳೀಯರಿಗೆ ಉದ್ಯೋಗ ದೊರಕಿಸುವುದಕ್ಕೂ ಸಂಬಂಧಿಸಿದೆ.